ಕಬ್ಬಿಣ ಹಾಡಿದ ಊರು

ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ನ್ಯೂ ಸ್ಟ್ರೀಟ್ ನಿಲ್ದಾಣ ಸಿಗುತ್ತದೆ. ಪ್ಲಾಟ್‌ಫಾರಂನಿಂದ ಮೇಲೇರಿ ವಿಶಾಲವಾದ ಹಜಾರಕ್ಕೆ ಬಂದವರನ್ನು ಮೊದಲು ಎದುರುಗೊಳ್ಳುವುದು ಒಂದು ಗೂಳಿ. ಹತ್ತು ಮೀಟರ್ ಎತ್ತರದ ಯಂತ್ರದ ಗೂಳಿ. 2022ರಲ್ಲಿ ಈ ನಗರದಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದಾಗ ಉದ್ಘಾಟನೆಯ ದಿನ ಅದನ್ನು ಮೈದಾನಕ್ಕೆ ಎಳೆದು ತಂದವರು ಹೆಂಗಸರು. ಹಿಂದೆ ಈ ಸೀಮೆಯ ಕುಲುಮೆಗಳಲ್ಲಿ ಸರಪಳಿ ಬೆಸೆದು ಬದುಕಿದ ಬಡ ಹೆಣ್ಣುಮಕ್ಕಳ ನೆನಪಿಗಾಗಿ ಆ ದೃಶ್ಯವನ್ನು ರೂಪಿಸಲಾಗಿತ್ತು. 2023ರಲ್ಲಿ ಗೂಳಿಯನ್ನು ನಿಲ್ದಾಣದಲ್ಲಿ ನಿಲ್ಲಿಸಿದಾಗ ಅದಕ್ಕೆ ಏನು ಹೆಸರಿಡೋಣ ಎಂದು ಜನರನ್ನೇ ಕೇಳಿದರು. ಜನ ಆರಿಸಿದ ಹೆಸರು ‘ಓಜಿ’.

ಯಾರೀ ಓಜಿ? ರಾಜನಲ್ಲ, ಮಂತ್ರಿಯಲ್ಲ, ವಿಜ್ಞಾನಿಯೂ ಅಲ್ಲ. ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟ, ಕಸಾಯಿಖಾನೆಯಲ್ಲಿ ದುಡಿದ, ಕಳ್ಳತನ ಮಾಡಿ ಜೈಲು ಕಂಡ ಒಬ್ಬ ಹುಡುಗ. ಮುಂದೆ ‘ಬ್ಲ್ಯಾಕ್ ಸ್ಯಾಬತ್’ ಎಂಬ ವಾದ್ಯತಂಡದ ಗಾಯಕನಾಗಿ ಜಗತ್ತಿಗೆಲ್ಲ ಪರಿಚಿತನಾದ ಓಜಿ ಆಸ್ಬರ್ನ್. ಹಾರ್ಡ್ ರಾಕ್ ಎಂಬ ಗಡಸು ಸಂಗೀತವನ್ನು ಇನ್ನಷ್ಟು ಭಾರವಾಗಿಸಿ, ‘ಹೆವಿ ಮೆಟಲ್’ ಎಂಬ ಹೊಸ ಪ್ರಕಾರಕ್ಕೆ ಬುನಾದಿ ಹಾಕಿದ ಕೀರ್ತಿ ಈ ತಂಡಕ್ಕೆ ಸಲ್ಲುತ್ತದೆ. ಮಕ್ಕಳ ಕೋಣೆಯಿಂದ ಇಂಥ ಸಂಗೀತ ಕೇಳಿಬಂದಾಗ ‘ಇದೇನು ಕಬ್ಬಿಣದಂಗಡಿಯ ಗಲಾಟೆ!’ ಎಂದು ಗೊಣಗುವ ತಂದೆತಾಯಿಯರು ನಮ್ಮಲ್ಲೂ ಇದ್ದಾರೆ. ಅವರ ಮಾತಿನಲ್ಲಿ ಅವರಿಗೇ ತಿಳಿಯದ ಒಂದು ಸತ್ಯವಿದೆ. ಈ ಸಂಗೀತ ಹುಟ್ಟಿದ್ದು ನಿಜವಾಗಿಯೂ ಕಬ್ಬಿಣದ ಸದ್ದಿನ ನಡುವೆ. ಅದನ್ನು ಅರಿಯಬೇಕಾದರೆ ಬರ್ಮಿಂಗ್‌ಹ್ಯಾಮ್‌ನ ಬೀದಿಗಳಲ್ಲಿ ಒಮ್ಮೆ ಅಡ್ಡಾಡಬೇಕು.

ಚಿನ್ನದ ಮೂವರು, ಉಕ್ಕಿನ ನಾಲ್ವರು

ನಿಲ್ದಾಣದಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ನಡೆದರೆ ಸೆಂಟಿನರಿ ಚೌಕ. ಅಲ್ಲಿ ಚಿನ್ನದ ಬಣ್ಣದ ಮೂರು ಆಳೆತ್ತರದ ವಿಗ್ರಹಗಳು ಒಂದು ನಕ್ಷೆಯನ್ನು ಹಿಡಿದು ಚರ್ಚಿಸುತ್ತ ನಿಂತಿವೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಮೂವರ ಪರಿಚಯ ಹೊಸದೇನಲ್ಲ. ಒಬ್ಬ ಜೇಮ್ಸ್ ವಾಟ್. ಹಬೆಯಂತ್ರವನ್ನು ಸುಧಾರಿಸಿ ಕೈಗಾರಿಕಾ ಕ್ರಾಂತಿಗೆ ಬಲ ತುಂಬಿದಾತ, ಸಾಮರ್ಥ್ಯದ ಮಾನಕ್ಕೆ ತನ್ನ ಹೆಸರನ್ನೇ ಬಿಟ್ಟುಹೋದಾತ. ಇನ್ನೊಬ್ಬ ಅವನ ಪಾಲುದಾರ ಮ್ಯಾಥ್ಯೂ ಬೋಲ್ಟನ್. ಮೂರನೆಯವ ಕಲ್ಲಿದ್ದಲ ಅನಿಲದಿಂದ ದೀಪ ಬೆಳಗಿಸಿದ ವಿಲಿಯಂ ಮರ್ಡಾಕ್. 1796ರಲ್ಲಿ ಇವರ ಸೋಹೊ ಎರಕದ ಕಾರ್ಖಾನೆ ಆರಂಭವಾದದ್ದು ಈ ನಗರದ ಅಂಚಿನಲ್ಲೇ. ಆಮ್ಲಜನಕದ ಸಂಶೋಧನೆಗೆ ಹೆಸರಾದ ಜೋಸೆಫ್ ಪ್ರೀಸ್ಟ್ಲಿ ಕೂಡ 1780ರಿಂದ 1791ರವರೆಗೆ ಇಲ್ಲಿ ನೆಲೆಸಿದ್ದ. ವಾಟ್, ಬೋಲ್ಟನ್, ಪ್ರೀಸ್ಟ್ಲಿ ಮೊದಲಾದವರು ಸೇರಿ ನಡೆಸುತ್ತಿದ್ದ ಗೆಳೆಯರ ಕೂಟಕ್ಕೆ ‘ಲೂನಾರ್ ಸೊಸೈಟಿ’, ಅಂದರೆ ಚಂದ್ರಕೂಟ, ಎಂಬ ಹೆಸರಿತ್ತು. ಬೀದಿದೀಪಗಳಿಲ್ಲದ ಆ ಕಾಲದಲ್ಲಿ ರಾತ್ರಿ ಮನೆಗೆ ಮರಳಲು ಬೆಳದಿಂಗಳು ಬೇಕೆಂದು ಅವರು ಹುಣ್ಣಿಮೆಯ ಆಸುಪಾಸಿನಲ್ಲಿ ಸೇರುತ್ತಿದ್ದರು.

ಆ ವಿಗ್ರಹಗಳನ್ನು ದಾಟಿ ಬ್ರಾಡ್ ಸ್ಟ್ರೀಟ್‌ನಲ್ಲಿ ಕೆಲವೇ ನಿಮಿಷ ನಡೆದರೆ ರಸ್ತೆಯ ಕೆಳಗೆ ಕಾಲುವೆಯೊಂದು ಹಾದುಹೋಗುತ್ತದೆ. ವೆನಿಸ್‌ಗಿಂತ ನಮ್ಮೂರಿನಲ್ಲೇ ಹೆಚ್ಚು ಉದ್ದದ ಕಾಲುವೆಗಳಿವೆ ಎಂದು ಇಲ್ಲಿನವರು ಹೇಳಿಕೊಳ್ಳುತ್ತಾರೆ. ಕಲ್ಲಿದ್ದಲು, ಕಬ್ಬಿಣ, ಸಿದ್ಧವಸ್ತುಗಳೆಲ್ಲ ಒಂದು ಕಾಲದಲ್ಲಿ ಸಾಗುತ್ತಿದ್ದುದು ಈ ನೀರಿನ ಮೇಲೆಯೇ. ಕಾಲುವೆಯ ಮೇಲಿನ ಸೇತುವೆಗೆ 2019ರಲ್ಲಿ ‘ಬ್ಲ್ಯಾಕ್ ಸ್ಯಾಬತ್ ಸೇತುವೆ’ ಎಂದು ನಾಮಕರಣವಾಯಿತು. ತಂಡದ ನಾಲ್ವರ ಮುಖಗಳನ್ನು ಹೊತ್ತ ಉಕ್ಕಿನ ಬೆಂಚೊಂದನ್ನೂ ಅಂದು ಅಲ್ಲಿ ಇರಿಸಿದರು. ಕಾರ್ಖಾನೆಯಿಂದ ಹೊರಬೀಳುವ ಸರಕಿನ ಮೇಲೆ ಮುದ್ರೆ ಒತ್ತುವಂತೆ, ಇವರು 1968ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದವರು ಎಂಬ ಅರ್ಥದ ಬರಹ ಅದರ ಮೇಲಿದೆ. ಒಂದೇ ಬೀದಿಯಲ್ಲಿ ಯಂತ್ರ ಕಟ್ಟಿದವರಿಗೂ ಸ್ಮಾರಕ, ಯಂತ್ರದ ಸದ್ದನ್ನು ಹಾಡಾಗಿಸಿದವರಿಗೂ ಸ್ಮಾರಕ.

ಆಸ್ಟನ್ ಎಂಬ ಬಡಾವಣೆ

ನಾಲ್ವರೂ ಒಂದೇ ಬಡಾವಣೆಯ ಹುಡುಗರು. ನಗರದ ನಡುವಿನಿಂದ ಸುಮಾರು ಮೂರು ಕಿಲೋಮೀಟರ್ ದೂರದ ಆಸ್ಟನ್ ಅವರ ಊರು. ಗಿಟಾರ್ ನುಡಿಸುವ ಟೋನಿ ಅಯೋಮಿ, ಡ್ರಮ್ ಬಾರಿಸುವ ಬಿಲ್ ವಾರ್ಡ್ ಮತ್ತು ಗಾಯಕ ಓಜಿ ಹುಟ್ಟಿದ್ದು 1948ರಲ್ಲಿ. ಬೇಸ್ ಗಿಟಾರಿನ ಗೀಜರ್ ಬಟ್ಲರ್ 1949ರವನು. (ನಮ್ಮ ಬಚ್ಚಲುಮನೆಯ ಗೀಸರ್‌ಗೂ ಇವನಿಗೂ ಸಂಬಂಧವಿಲ್ಲ. ಇಂಗ್ಲೆಂಡಿನ ಆಡುಮಾತಿನಲ್ಲಿ ‘ಗೀಜರ್’ ಎಂದರೆ ‘ಆಸಾಮಿ’ ಎಂದರ್ಥ. ತಂದೆತಾಯಿ ಇಟ್ಟ ಹೆಸರು ಟೆರೆನ್ಸ್.)

ಅವರು ಕಣ್ಣುಬಿಟ್ಟಾಗ ಎರಡನೇ ಮಹಾಯುದ್ಧ ಮುಗಿದು ಮೂರು ನಾಲ್ಕು ವರ್ಷವಷ್ಟೇ ಆಗಿತ್ತು. ಶಸ್ತ್ರಾಸ್ತ್ರ ತಯಾರಿಸುವ ಊರೆಂದು ಜರ್ಮನ್ ವಿಮಾನಗಳು ಬರ್ಮಿಂಗ್‌ಹ್ಯಾಮ್ ಮೇಲೆ ಬಾಂಬಿನ ಮಳೆಗರೆದಿದ್ದವು. ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಬಾಂಬು ಬಿದ್ದು ಹಾಳಾದ ಮನೆಗಳ ಜಾಗಗಳೇ ಈ ಮಕ್ಕಳಿಗೆ ಆಟದ ಬಯಲು. ಸುತ್ತಲೂ ಕಾರ್ಖಾನೆಗಳು. ಒಂದೆಡೆಯಿಂದ ಬಿಯರ್ ತಯಾರಿಕೆಯ ವಾಸನೆ, ಇನ್ನೊಂದೆಡೆಯಿಂದ ಎಚ್‌ಪಿ ಸಾಸ್ ಕಾರ್ಖಾನೆಯ ವಿನೆಗರ್ ವಾಸನೆ. ಹಗಲಿರುಳೆನ್ನದೆ ಕಬ್ಬಿಣ ಬಡಿಯುವ ಯಂತ್ರಗಳ ‘ಧಡ್, ಧಡ್’. ರಾತ್ರಿ ಹಾಸಿಗೆಯಲ್ಲಿ ಮಲಗಿ ಆ ಸದ್ದಿಗೆ ಸರಿಯಾಗಿ ಮಂಚದ ಹಲಗೆಯ ಮೇಲೆ ತಾಳ ಹಾಕುತ್ತಿದ್ದುದನ್ನು ಬಿಲ್ ವಾರ್ಡ್ ಮುಂದೆ ನೆನಪಿಸಿಕೊಂಡಿದ್ದಾರೆ. ನಮ್ಮ ಹಳ್ಳಿಯ ಮಗು ರಾಗಿ ಬೀಸುವ ಹಾಡು ಕೇಳುತ್ತ ನಿದ್ದೆಹೋದರೆ, ಆಸ್ಟನ್ನಿನ ಮಗು ಕಾರ್ಖಾನೆಯ ಸುತ್ತಿಗೆಯ ಏಟು ಕೇಳುತ್ತ ನಿದ್ದೆಹೋಗುತ್ತಿತ್ತು.

ಓಜಿಯ ಮನೆ ಇದ್ದದ್ದು ಲಾಡ್ಜ್ ರೋಡ್‌ನಲ್ಲಿ; ಸಾಲುಮನೆಗಳ ಪೈಕಿ ಒಂದು. ತಂದೆ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಹತ್ಯಾರು ತಯಾರಕ. ತಾಯಿ ಕಾರಿನ ಬಿಡಿಭಾಗ ಮಾಡುವ ಲೂಕಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಆರು ಮಕ್ಕಳು. ಹುಡುಗನಿಗೆ ಡಿಸ್ಲೆಕ್ಸಿಯಾ ಇತ್ತು. ಅಕ್ಷರಗಳು ಕಣ್ಣ ಮುಂದೆ ಕಲಸಿಹೋಗುತ್ತಿದ್ದವು. ಹೀಗೆಂದರೇನೆಂದು ಅಂದಿನ ಶಾಲೆಗಳಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅಂಥ ಮಗುವಿಗೆ ಸಿಗುತ್ತಿದ್ದ ಬಿರುದು ‘ದಡ್ಡ’. ಶಾಲೆ ಬಿಟ್ಟ ಮೇಲೆ ತಾಯಿಯ ಜೊತೆ ಅದೇ ಕಾರ್ಖಾನೆಗೆ ಹೋಗಿ ಕಾರಿನ ಹಾರನ್ನುಗಳ ಶ್ರುತಿ ಸರಿಪಡಿಸುವ ಕೆಲಸ ಮಾಡಿದ. ದಿನವಿಡೀ ‘ಪೀಂ, ಪೀಂ’. ಸಂಗೀತದಲ್ಲಿ ಅವನ ಮೊದಲ ಉದ್ಯೋಗ ಅದು ಎಂದು ತಮಾಷೆಗೆ ಹೇಳಬಹುದು!

ಅಲ್ಲಿಂದ ಕಸಾಯಿಖಾನೆ, ಅಲ್ಲಿಂದ ಕಳ್ಳತನ. ಸಿಕ್ಕಿಬಿದ್ದಾಗ ನ್ಯಾಯಾಲಯ ದಂಡ ವಿಧಿಸಿತು. ತಂದೆ ದಂಡದ ಹಣ ಕಟ್ಟಲಿಲ್ಲ. ಮಗ ಪಾಠ ಕಲಿಯಲಿ ಎಂದು ಬಿಟ್ಟುಬಿಟ್ಟ. ಹುಡುಗ ವಿನ್ಸನ್ ಗ್ರೀನ್ ಜೈಲಿನಲ್ಲಿ ಸುಮಾರು ಆರು ವಾರ ಕಳೆದ. ಹೊರಬಂದ ಮಗ ಹಾಡುಗಾರನಾಗುತ್ತೇನೆ ಎಂದಾಗ ಅದೇ ತಂದೆ ಸುಮಾರು 250 ಪೌಂಡು ಸಾಲ ಮಾಡಿ ಅವನಿಗೆ ಧ್ವನಿವರ್ಧಕದ ಸಲಕರಣೆ ಕೊಡಿಸಿದ. ಕಾರ್ಮಿಕನೊಬ್ಬನಿಗೆ ಅಂದು ಅದು ಸಣ್ಣ ಮೊತ್ತವಲ್ಲ. ತನ್ನಲ್ಲಿ ಸ್ವಂತ ಧ್ವನಿವರ್ಧಕವಿದೆ, ಹಾಡಲು ಅವಕಾಶ ಬೇಕಿದೆ ಎಂದು ಓಜಿ ಸಂಗೀತದಂಗಡಿಯಲ್ಲಿ ಚೀಟಿ ಅಂಟಿಸಿದ. ಆ ಚೀಟಿಯನ್ನು ನೋಡಿ ಮನೆ ಹುಡುಕಿಕೊಂಡು ಬಂದವರು ಟೋನಿ ಮತ್ತು ಬಿಲ್. ಶಾಲೆಯಲ್ಲಿ ಟೋನಿ ಇವನಿಗಿಂತ ಒಂದು ತರಗತಿ ಮುಂದಿದ್ದ. ದಂಡ ಕಟ್ಟಲು ಒಪ್ಪದ ತಂದೆ ಧ್ವನಿವರ್ಧಕಕ್ಕೆ ಸಾಲ ಮಾಡಿದನೆಂಬುದನ್ನು ನಾವು ಹೆತ್ತವರು ತುಸು ನಿಂತು ಯೋಚಿಸಬೇಕು. ತಪ್ಪಿಗೆ ಅಡ್ಡ ನಿಲ್ಲಲಿಲ್ಲ, ಆಸೆಗೆ ಬೆನ್ನು ತೋರಿಸಲೂ ಇಲ್ಲ.

ಕೊನೆಯ ದಿನದ ಅಪಘಾತ

ಈ ತಂಡದ ನಾದಕ್ಕೆ ಕಾರಣವಾದ ಘಟನೆ ನಡೆದದ್ದು ಮಾತ್ರ ವೇದಿಕೆಯ ಮೇಲಲ್ಲ, ಒಂದು ತಗಡಿನ ಕಾರ್ಖಾನೆಯಲ್ಲಿ. ಟೋನಿ ಅಯೋಮಿಗೆ ಆಗ 17 ವರ್ಷ. ಬೆಸುಗೆ ಕೆಲಸ ಮಾಡುತ್ತಿದ್ದ. ಒಂದು ವಾದ್ಯತಂಡದ ಜೊತೆ ಯುರೋಪಿಗೆ ಹೋಗುವ ಅವಕಾಶ ಸಿಕ್ಕಿ ಕೆಲಸ ಬಿಟ್ಟಿದ್ದ. ಅಂದು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲ ಎಂದ. ಹಿಡಿದ ಕೆಲಸವನ್ನು ಕೊನೆಯ ಗಂಟೆಯವರೆಗೂ ಸರಿಯಾಗಿ ಮಾಡಿ ಬಾ ಎಂದು ತಾಯಿ ಕಳುಹಿಸಿದಳು. ಅಂದು ತಗಡು ಒತ್ತುವ ಯಂತ್ರದ ಕೆಲಸಗಾರ ಬಂದಿರಲಿಲ್ಲ. ರೂಢಿಯಿಲ್ಲದ ಆ ಯಂತ್ರದ ಮುಂದೆ ಟೋನಿಯನ್ನು ನಿಲ್ಲಿಸಿದರು. ಯಂತ್ರ ಅವನ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳುಗಳ ತುದಿಗಳನ್ನು ಕಿತ್ತುಕೊಂಡಿತು.

ಟೋನಿ ಎಡಚ. ಎಡಚರು ಗಿಟಾರಿನ ತಂತಿಯನ್ನು ಮೀಟುವುದು ಎಡಗೈಯಲ್ಲಿ. ವೀಣೆಯ ಮೆಟ್ಟಿಲುಗಳಂಥ ಪಟ್ಟಿಗಳ ಮೇಲೆ ತಂತಿಯನ್ನು ಒತ್ತಿ ಸ್ವರ ಹಿಡಿಯುವುದು ಬಲಗೈಯಲ್ಲಿ. ಅಂದರೆ ಸ್ವರ ಹಿಡಿಯುವ ಬೆರಳುಗಳೇ ಹೋಗಿದ್ದವು. ಇನ್ನು ಗಿಟಾರ್ ಮರೆತುಬಿಡು ಎಂದು ವೈದ್ಯರು ಹೇಳಿದರು.

ಮನೆಯಲ್ಲಿ ಮಂಕಾಗಿ ಕೂತಿದ್ದ ಹುಡುಗನನ್ನು ನೋಡಲು ಕಾರ್ಖಾನೆಯ ಮೇಲ್ವಿಚಾರಕ ಬಂದ. ಒಂದು ಗ್ರಾಮಫೋನ್ ತಟ್ಟೆ ಕೊಟ್ಟು, ಇದನ್ನು ಕೇಳು ಎಂದ. ಕೇಳಿಸಿಯಾದ ಮೇಲೆ, ನುಡಿಸಿದವನು ಎರಡು ಬೆರಳುಗಳಲ್ಲೇ ನುಡಿಸಿದ್ದಾನೆ ಎಂಬ ಗುಟ್ಟು ಬಿಟ್ಟುಕೊಟ್ಟ. ಆ ವಾದಕ ಜ್ಯಾಂಗೋ ರೈನ್‌ಹಾರ್ಟ್. 1928ರಲ್ಲಿ ವಾಸದ ಬಂಡಿಗೆ ಬೆಂಕಿ ಬಿದ್ದು ಅವನ ಎಡಗೈಯ ಎರಡು ಬೆರಳುಗಳು ಸೆಟೆದುಹೋಗಿದ್ದವು. ಉಳಿದ ಬೆರಳುಗಳಿಂದಲೇ ಅವನು ಯುರೋಪಿನ ಜಾಸ್ ಸಂಗೀತದ ಮಹಾವಾದಕನಾಗಿದ್ದ. ಆ ಮೇಲ್ವಿಚಾರಕ ಒಳ್ಳೆಯ ಮೇಷ್ಟರ ಕೆಲಸ ಮಾಡಿದ್ದಾನೆ. ಉಪದೇಶ ಕೊಡಲಿಲ್ಲ, ಉದಾಹರಣೆ ಕೊಟ್ಟ.

ಆಮೇಲೆ ಟೋನಿ ಮಾಡಿದ್ದು ಅಪ್ಪಟ ಬರ್ಮಿಂಗ್‌ಹ್ಯಾಮ್ ಕುಶಲಕರ್ಮಿಯ ಕೆಲಸ. ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಉಂಡೆ ಮಾಡಿದ. ಬಿಸಿ ಬೆಸುಗೆ ಕಡ್ಡಿಯಿಂದ ಅದರಲ್ಲಿ ಬೆರಳು ಕೂರುವಷ್ಟು ತೂತು ಕೊರೆದ. ಉಪ್ಪುಕಾಗದ ಹಾಕಿ ಗಂಟೆಗಟ್ಟಲೆ ಉಜ್ಜಿ ಆಕಾರಕ್ಕೆ ತಂದ. ತಂತಿಯ ಮೇಲೆ ಜಾರದಿರಲೆಂದು ತುದಿಗೆ ಹಳೆಯ ಕೋಟಿನ ಚರ್ಮದ ತುಂಡು ಅಂಟಿಸಿದ. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಟೊಪ್ಪಿಯಂಥ ಎರಡು ಕೃತಕ ಬೆರಳತುದಿಗಳು ಹೀಗೆ ಸಿದ್ಧವಾದವು. ಮುಂದಿನ ಅರ್ಧ ಶತಮಾನ ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿ ಅವರು ನುಡಿಸಿದ್ದು ಇಂಥ ಟೊಪ್ಪಿಗಳನ್ನು ತೊಟ್ಟೇ.

ಪ್ರಯೋಗಶಾಲೆಯ ಸೋನೋಮೀಟರ್ ಹೇಳುವುದೇನು?

ಆದರೆ ಪ್ಲಾಸ್ಟಿಕ್ ತುದಿಗೆ ಸ್ಪರ್ಶಜ್ಞಾನವಿಲ್ಲ. ಬಿಗಿಯಾದ ತಂತಿಯನ್ನು ಒತ್ತಲು ನೋವು ಬೇರೆ. ತಂತಿಯನ್ನೇ ಸಡಿಲಗೊಳಿಸಬೇಕಿತ್ತು. ಇಲ್ಲಿ ಪ್ರೌಢಶಾಲೆ, ಪಿಯುಸಿ ವಿದ್ಯಾರ್ಥಿಗಳು ಸೋನೋಮೀಟರ್ ಪ್ರಯೋಗವನ್ನು ನೆನಪಿಸಿಕೊಳ್ಳಬೇಕು. ತಂತಿಯ ಕಂಪನದ ಆವೃತ್ತಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ತಂತಿಯ ಉದ್ದ, ಅದರ ಎಳೆತ, ಒಂದು ಮೀಟರ್ ತಂತಿಯ ತೂಕ. ಎಳೆತವನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಆವೃತ್ತಿ ಎರಡು ಪಟ್ಟಾಗುತ್ತದೆ. ಅಂದರೆ ಆವೃತ್ತಿ ಎಳೆತದ ವರ್ಗಮೂಲಕ್ಕೆ ಅನುಗುಣ. ತಂತಿ ತೆಳುವಾದಷ್ಟೂ ಅದೇ ಸ್ವರಕ್ಕೆ ಕಡಿಮೆ ಎಳೆತ ಸಾಕು.

ಟೋನಿ ಮೊದಲು ಹಿಡಿದದ್ದು ತೆಳು ತಂತಿಯ ದಾರಿ. ತನಗೆ ಬೇಕಾದಷ್ಟು ತೆಳ್ಳಗಿನ ಗಿಟಾರ್ ತಂತಿಗಳು ಅಂದು ಸಿಗದ ಕಾರಣ ಬ್ಯಾಂಜೋ ವಾದ್ಯದ ತಂತಿಗಳನ್ನು ತಂದು ಕಟ್ಟಿದ. ಎರಡನೆಯ ದಾರಿ ಶ್ರುತಿಯನ್ನೇ ಇಳಿಸುವುದು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಎಂಬ ಧ್ವನಿಮುದ್ರಿಕೆಯ ಹಲವು ಹಾಡುಗಳಲ್ಲಿ ಗಿಟಾರಿನ ಶ್ರುತಿಯನ್ನು ಮೂರು ಸ್ವರಸ್ಥಾನ ಕೆಳಗಿಳಿಸಲಾಯಿತು. ಸಾಮಾನ್ಯವಾಗಿ ಸುಮಾರು 82 ಹರ್ಟ್ಸ್ ಇರುವ ಅತಿ ಕೆಳಗಿನ ತಂತಿ ಆಗ ಸುಮಾರು 69 ಹರ್ಟ್ಸ್‌ಗೆ ಇಳಿಯುತ್ತದೆ. ವರ್ಗಮೂಲದ ನಿಯಮ ಹಾಕಿ ಲೆಕ್ಕ ಮಾಡಿ ನೋಡಿ. ಎಳೆತ ಮೊದಲಿದ್ದುದರ ನೂರಕ್ಕೆ 71ರಷ್ಟು ಮಾತ್ರ ಉಳಿಯುತ್ತದೆ. ಸುಮಾರು 29 ಭಾಗದಷ್ಟು ಹಗುರ! ಗಾಯಗೊಂಡ ಬೆರಳಿಗೆ ಅದು ದೊಡ್ಡ ನಿರಾಳ.

ಆದರೆ ಜೊತೆಗೇ ಇನ್ನೊಂದು ಪರಿಣಾಮವೂ ಆಯಿತು. ಸ್ವರ ತಗ್ಗಿತು, ನಾದ ದಪ್ಪವಾಯಿತು. ಬೆರಳುಗಳ ಮಿತಿಯಿಂದಾಗಿ ಟೋನಿ ಹೆಚ್ಚಾಗಿ ಆತುಕೊಂಡದ್ದು ಎರಡೇ ಸ್ವರಗಳ ಜೋಡಿಯನ್ನು. ನಮ್ಮ ಲೆಕ್ಕದಲ್ಲಿ ಷಡ್ಜ ಮತ್ತು ಪಂಚಮ. ಇವುಗಳ ಆವೃತ್ತಿಗಳ ಪ್ರಮಾಣ 2:3. ಇಷ್ಟು ಸರಳವಾದ ಪ್ರಮಾಣವಿರುವುದರಿಂದ ಧ್ವನಿವರ್ಧಕವನ್ನು ಮಿತಿಮೀರಿ ಒತ್ತಾಯಿಸಿ ನಾದವನ್ನು ಒರಟುಗೊಳಿಸಿದರೂ ಆ ಜೋಡಿ ಗೊಂದಲವಾಗುವುದಿಲ್ಲ. ಬದಲಿಗೆ ಕಬ್ಬಿಣದ ತೊಲೆಯಂತೆ ಗಟ್ಟಿಯಾಗಿ ನಿಲ್ಲುತ್ತದೆ. ಬೆರಳಿನ ನೋವಿಗೆ ಹುಡುಕಿದ ಪರಿಹಾರವೇ ಹೊಸ ಸಂಗೀತದ ಗುರುತಾಯಿತು. ಇಂದು ಜಗತ್ತಿನಾದ್ಯಂತ ಹತ್ತೂ ಬೆರಳು ಸರಿಯಿರುವ ಸಾವಿರಾರು ಯುವಕರು ಶ್ರುತಿ ಇಳಿಸಿ ನುಡಿಸುತ್ತಾರೆ.

ಭಯದ ಸ್ವರ, ಕಲ್ಯಾಣಿಯ ಸ್ವರ

1968ರಲ್ಲಿ ಕೂಡಿದ ತಂಡ ಮೊದಲು ಬೇರೆ ಹೆಸರುಗಳಲ್ಲಿ ನುಡಿಸುತ್ತಿತ್ತು, ‘ಅರ್ತ್’ ಅದರಲ್ಲೊಂದು. ಅದೇ ಹೆಸರಿನ ಇನ್ನೊಂದು ತಂಡವಿದ್ದುದರಿಂದ ಹೊಸ ಹೆಸರು ಬೇಕಾಯಿತು. ಅಭ್ಯಾಸ ಮಾಡುತ್ತಿದ್ದ ಜಾಗದ ಎದುರಿನ ಚಿತ್ರಮಂದಿರದಲ್ಲಿ ಭೂತದ ಚಿತ್ರಗಳನ್ನು ನೋಡಲು ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ದುಡ್ಡು ಕೊಟ್ಟು ಹೆದರಲು ಜನ ಇಷ್ಟಪಡುತ್ತಾರಲ್ಲ, ಹೆದರಿಸುವ ಸಂಗೀತವನ್ನೇ ಯಾಕೆ ಮಾಡಬಾರದು ಎಂಬ ಯೋಚನೆ ಬಂತು. 1963ರ ಇಟಲಿಯ ಚಿತ್ರವೊಂದರ ಇಂಗ್ಲಿಷ್ ಹೆಸರು ‘ಬ್ಲ್ಯಾಕ್ ಸ್ಯಾಬತ್’ ತಂಡದ ಹೆಸರಾಯಿತು.

ಅದೇ ಹೆಸರಿನ ಹಾಡಿನ ಹುಟ್ಟೂ ಸ್ವಾರಸ್ಯಕರ. ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ವಾಗ್ಗೇಯಕಾರ ಗ್ರಹಗಳ ಮೇಲೆ ರಚಿಸಿದ ಕೃತಿಮಾಲೆಯಲ್ಲಿ ಮಂಗಳ ಗ್ರಹದ ಭಾಗ ಗೀಜರ್‌ಗೆ ಇಷ್ಟ. ಅದನ್ನು ಅವನು ಬೇಸ್ ಗಿಟಾರಿನಲ್ಲಿ ನುಡಿಸಿ ನೋಡುತ್ತಿದ್ದುದನ್ನು ಕೇಳಿದ ಟೋನಿ, ಮರುದಿನ ಮೂರೇ ಸ್ವರಗಳ ಒಂದು ಪಲುಕು ತಂದ. ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ನಡುವಿನ ಈ ಅಂತರವನ್ನು 18ನೇ ಶತಮಾನದ ಯುರೋಪಿನ ಸಂಗೀತಶಾಸ್ತ್ರಜ್ಞರು ‘ಸಂಗೀತದಲ್ಲಿನ ಸೈತಾನ’ ಎಂದು ಕರೆದಿದ್ದರು. ಪಾಶ್ಚಾತ್ಯ ಶ್ರುತಿಯಲ್ಲಿ ಇವುಗಳ ಪ್ರಮಾಣ ಎರಡರ ವರ್ಗಮೂಲ, ಎಂದರೆ ಸುಮಾರು 1.414. ಷಡ್ಜ-ಪಂಚಮದಂತೆ ಪೂರ್ಣಾಂಕಗಳ ಪ್ರಮಾಣವಾಗಿ ಬರೆಯಲಾಗದ ಸಂಖ್ಯೆ. ಕಿವಿಗೆ ನೆಮ್ಮದಿಯಿಲ್ಲ.

ನಮ್ಮ ಓದುಗರು ಇಲ್ಲಿ ನಗಬಹುದು. ಏಕೆಂದರೆ ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳಲ್ಲಿ ಸರಿಯಾಗಿ ಅರ್ಧ, ಅಂದರೆ 36 ರಾಗಗಳು ಪ್ರತಿಮಧ್ಯಮದವು. ಮದುವೆಮನೆಯ ನಾಗಸ್ವರದಲ್ಲಿ ಮಂಗಳಕರವಾಗಿ ಕೇಳುವ ಕಲ್ಯಾಣಿ ಅವುಗಳಲ್ಲೊಂದು! ಅವರಿಗೆ ಸೈತಾನನಾದ ಸ್ವರ ನಮಗೆ ಕಲ್ಯಾಣ. ಸ್ವರಕ್ಕೆ ಸ್ವಂತ ಪಾಪಪುಣ್ಯವಿಲ್ಲ; ಅದನ್ನು ಯಾವ ಸ್ವರಗಳ ಜೊತೆ, ಯಾವ ನಡೆಯಲ್ಲಿ ಇಡುತ್ತೇವೆ ಎಂಬುದರ ಮೇಲೆ ಭಾವ ನಿಂತಿದೆ.

ಮೊದಲ ಧ್ವನಿಮುದ್ರಿಕೆಯನ್ನು 1969ರ ಅಕ್ಟೋಬರ್ 16ರಂದು ಲಂಡನ್ನಿನಲ್ಲಿ ಒಂದೇ ದಿನದಲ್ಲಿ ಮುಗಿಸಿದರು. ಅದು ಬಿಡುಗಡೆಯಾದದ್ದು 1970ರ ಫೆಬ್ರವರಿ 13ರ ಶುಕ್ರವಾರ. ಪಾಶ್ಚಾತ್ಯರ ನಂಬಿಕೆಯಲ್ಲಿ ಅಪಶಕುನದ ದಿನ. ವಿಮರ್ಶಕರು ಹಳಿದರು, ಜನ ಕೊಂಡರು. ಬ್ರಿಟನ್ನಿನ ಪಟ್ಟಿಯಲ್ಲಿ ಅದು ಎಂಟನೇ ಸ್ಥಾನಕ್ಕೇರಿತು. ಅದೇ ವರ್ಷ ಬಂದ ‘ಪ್ಯಾರನಾಯ್ಡ್’ ಮೊದಲನೇ ಸ್ಥಾನ ಪಡೆಯಿತು.

ಹೆಸರು ಕೇಳಿ ಇವರು ದೆವ್ವದ ಪೂಜೆ ಮಾಡುವವರೆಂದು ಅನೇಕರು ಭಾವಿಸಿದರು. ಆದರೆ ಹಾಡುಗಳಲ್ಲಿದ್ದುದು ಬೇರೆ. ಹೆಚ್ಚಿನ ಹಾಡುಗಳನ್ನು ಬರೆದ ಗೀಜರ್ ಐರಿಷ್ ಮೂಲದ ಕ್ಯಾಥೊಲಿಕ್ ಮನೆತನದವನು. ‘ವಾರ್ ಪಿಗ್ಸ್’ ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಸುರಕ್ಷಿತ ಜಾಗದಲ್ಲಿ ಕೂತು ಬಡವರ ಮಕ್ಕಳನ್ನು ಸಾವಿಗಟ್ಟುವವರ ವಿರುದ್ಧ ಬರೆದದ್ದು. ‘ಎಲೆಕ್ಟ್ರಿಕ್ ಫ್ಯೂನರಲ್’ ಅಣುಯುದ್ಧದ ಭಯ. ‘ಹ್ಯಾಂಡ್ ಆಫ್ ಡೂಮ್’ ಯುದ್ಧದಿಂದ ಮಾದಕ ವಸ್ತುವಿನ ದಾಸರಾಗಿ ಮರಳಿದ ಸೈನಿಕರ ದುರಂತ. ಬಾಂಬು ಬಿದ್ದ ಬಯಲಲ್ಲಿ ಆಡಿ ಬೆಳೆದ ಮಕ್ಕಳಿಗೆ ಯುದ್ಧ ಎಂಬುದು ಪುಸ್ತಕದ ಮಾತಾಗಿರಲಿಲ್ಲ.

ತೆತ್ತ ಬೆಲೆ

ಇಷ್ಟು ಹೇಳಿ ನಿಲ್ಲಿಸಿದರೆ ವಿದ್ಯಾರ್ಥಿಗಳಿಗೆ ಅರ್ಧ ಸತ್ಯ ಹೇಳಿದಂತೆ. ಮಾದಕ ವಸ್ತುವಿನ ದುರಂತವನ್ನು ಹಾಡಿದವರೇ ಅದರ ಕೂಪಕ್ಕೆ ಬಿದ್ದರು. 1972ರ ಹೊತ್ತಿಗೆ ಹಣ ನೀರಿನಂತೆ ಬಂತು. ಕೊಕೇನ್ ಮತ್ತು ಮದ್ಯದ ರೂಪದಲ್ಲಿ ನೀರಿನಂತೆ ಹೋಯಿತು. ಕೆಲಸದ ಶಿಸ್ತು ಕೆಟ್ಟಿತು. 1979ರಲ್ಲಿ ಗೆಳೆಯರೇ ಓಜಿಯನ್ನು ತಂಡದಿಂದ ಹೊರಹಾಕಬೇಕಾಯಿತು. ಬಿಲ್ ವಾರ್ಡ್ ಕುಡಿತದಿಂದ ನಲುಗಿದರು. ಓಜಿ ಸ್ವಂತವಾಗಿ ಹಾಡಿ ಇನ್ನೂ ದೊಡ್ಡ ಹೆಸರು ಮಾಡಿದರೂ, 1982ರಲ್ಲಿ ವೇದಿಕೆಯ ಮೇಲೆ ಬಾವಲಿಯ ತಲೆ ಕಚ್ಚಿದಂಥ ಹುಚ್ಚಾಟಗಳಿಂದಲೇ ಪತ್ರಿಕೆಗಳಲ್ಲಿ ಮಿಂಚುವಂತಾಯಿತು. ಅದು ರಬ್ಬರಿನದೆಂದು ಭಾವಿಸಿದ್ದೆ ಎಂಬುದು ಅವರ ಸಮಜಾಯಿಷಿ.

ತಂಡ ನಿಲ್ಲಲಿಲ್ಲ. ರಾನಿ ಜೇಮ್ಸ್ ಡಿಯೊ ಎಂಬ ಅಮೆರಿಕದ ಗಾಯಕನೊಡನೆ 1980ರಲ್ಲಿ ‘ಹೆವನ್ ಆ್ಯಂಡ್ ಹೆಲ್’ ತಂದು ಮತ್ತೆ ಎದ್ದುನಿಂತಿತು. ಆಮೇಲೆ ಗಾಯಕರು ಬಂದರು, ಹೋದರು. ಕಷ್ಟದ ವರ್ಷಗಳಲ್ಲೆಲ್ಲ ಬಿಡದೆ ಉಳಿದವರು ಪ್ಲಾಸ್ಟಿಕ್ ಬೆರಳಿನ ಅಯೋಮಿ ಒಬ್ಬರೇ. 1997ರಲ್ಲಿ ಮೂಲದ ನಾಲ್ವರೂ ಬರ್ಮಿಂಗ್‌ಹ್ಯಾಮ್‌ನಲ್ಲೇ ಮತ್ತೆ ಕೂಡಿ ನುಡಿಸಿದರು. 2012ರಲ್ಲಿ ಅಯೋಮಿಗೆ ಕ್ಯಾನ್ಸರ್ ಇರುವುದು ತಿಳಿಯಿತು. ಚಿಕಿತ್ಸೆಯ ನಡುವೆಯೇ ಕೆಲಸ ಮಾಡಿ 2013ರಲ್ಲಿ ಹೊರತಂದ ‘13’ ಎಂಬ ಧ್ವನಿಮುದ್ರಿಕೆ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು.

ಇನ್ನು ಕಿವಿಯ ಮಾತು. ವಿಜ್ಞಾನದ ಮೇಷ್ಟರಾಗಿ ಇದನ್ನು ಹೇಳದಿರಲಾರೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದೆಂಬುದು ತಜ್ಞರ ಅಂದಾಜು. ಅಲ್ಲಿಂದ ಮುಂದೆ ಪ್ರತಿ ಮೂರು ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. 100 ಡೆಸಿಬೆಲ್ ಮುಟ್ಟುವಾಗ ಉಳಿಯುವುದು ಹದಿನೈದೇ ನಿಮಿಷ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಹೆವಿ ಮೆಟಲ್ ಕೇಳಿ, ಆದರೆ ಗುಂಡಿ ಕೊಂಚ ತಿರುಗಿಸಿ ಕೇಳಿ. ಸಣ್ಣ ಸದ್ದಿನಲ್ಲೂ ಅಯೋಮಿಯ ಗಿಟಾರ್ ಭಾರವಾಗಿಯೇ ಕೇಳುತ್ತದೆ.

ಊರು ಒಪ್ಪಿಕೊಂಡ ಮಕ್ಕಳು

ಮನೆಯ ಮಗ ದೊಡ್ಡವನಾದದ್ದು ಮನೆಯವರಿಗೇ ಕೊನೆಗೆ ತಿಳಿಯುತ್ತದೆ. ಬರ್ಮಿಂಗ್‌ಹ್ಯಾಮ್ ಕೂಡ ಈ ಮಕ್ಕಳನ್ನು ತನ್ನವರೆಂದು ಹೇಳಿಕೊಳ್ಳಲು ಬಹುಕಾಲ ತೆಗೆದುಕೊಂಡಿತು. 1970, 80ರ ದಶಕಗಳಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಸ್ಟನ್ನಿನ ಬಿಯರ್ ಕಾರ್ಖಾನೆ 1981ರಲ್ಲಿ, ಎಚ್‌ಪಿ ಸಾಸ್ ಕಾರ್ಖಾನೆ 2007ರಲ್ಲಿ ಮುಚ್ಚಿದವು. ಯಂತ್ರಗಳು ಸುಮ್ಮನಾದ ಮೇಲೆ, ಆ ಸದ್ದನ್ನು ಜೋಪಾನ ಮಾಡಿಟ್ಟವರು ಈ ನಾಲ್ವರು ಎಂಬುದು ಊರಿಗೆ ಹೊಳೆದಿರಬೇಕು. 2019ರಲ್ಲಿ ಸೇತುವೆಗೆ ಹೆಸರು, ನಗರದ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ. 2023ರಲ್ಲಿ ಬರ್ಮಿಂಗ್‌ಹ್ಯಾಮ್ ರಾಯಲ್ ಬ್ಯಾಲೆ ಸಂಸ್ಥೆ ಇವರ ಸಂಗೀತಕ್ಕೆ ನೃತ್ಯನಾಟಕವನ್ನೇ ಕಟ್ಟಿತು. 2025ರ ಜೂನ್‌ನಲ್ಲಿ ನಗರವು ನಾಲ್ವರಿಗೂ ತನ್ನ ಅತ್ಯುನ್ನತ ಪೌರಗೌರವ ನೀಡಿತು.

ಆಸ್ಟನ್ನಿಗೆ ಹೋದವರು ಆಸ್ಟನ್ ಹಾಲ್ ನೋಡದೆ ಬರಬಾರದು. 1618ರಿಂದ 1635ರ ನಡುವೆ ಕಟ್ಟಿದ ಕೆಂಪು ಇಟ್ಟಿಗೆಯ ಈ ಭವನದಲ್ಲಿ ಜೇಮ್ಸ್ ವಾಟ್‌ನ ಮಗ 1848ರವರೆಗೆ ಬಾಡಿಗೆಗೆ ವಾಸವಾಗಿದ್ದ. ಅದರ ಪಕ್ಕದಲ್ಲೇ ವಿಲ್ಲಾ ಪಾರ್ಕ್ ಫುಟ್‌ಬಾಲ್ ಕ್ರೀಡಾಂಗಣ. ಪಂದ್ಯದ ದಿನ ಪ್ರೇಕ್ಷಕರ ಕಾರುಗಳನ್ನು ಕಾಯುತ್ತೇನೆಂದು ಹೇಳಿ ಪುಡಿಗಾಸು ಸಂಪಾದಿಸುತ್ತಿದ್ದ ಹುಡುಗರಲ್ಲಿ ಓಜಿಯೂ ಒಬ್ಬ. 2025ರ ಜುಲೈ 5ರಂದು ಅದೇ ಕ್ರೀಡಾಂಗಣದೊಳಗೆ ಸುಮಾರು ನಲವತ್ತು ಸಾವಿರ ಜನ ಅವರಿಗಾಗಿ ಕಾದಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾಗದ ಓಜಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದರು. ಇಪ್ಪತ್ತು ವರ್ಷಗಳ ಬಳಿಕ ಮೂಲದ ನಾಲ್ವರೂ ಒಂದೇ ವೇದಿಕೆಯಲ್ಲಿದ್ದರು. ಸಂಗ್ರಹವಾದ ಹಣ ಪಾರ್ಕಿನ್ಸನ್ ಸಂಶೋಧನೆಗೆ, ನಗರದ ಮಕ್ಕಳ ಆಸ್ಪತ್ರೆಗೆ ಮತ್ತು ಮಕ್ಕಳ ಆರೈಕೆಯ ಧಾಮಕ್ಕೆ ಎಂದು ಮೊದಲೇ ತೀರ್ಮಾನವಾಗಿತ್ತು.

ಅಂದು ಅಲ್ಲಿ ನುಡಿಸಿ ಗೌರವ ಸಲ್ಲಿಸಿದವರಲ್ಲಿ ಅಮೆರಿಕದ ‘ಮೆಟಾಲಿಕಾ’ ತಂಡವೂ ಇತ್ತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿ ಸಾವಿರಾರು ಹುಡುಗರನ್ನು ಕುಣಿಸಿದ ತಂಡ ಅದು. ಆಸ್ಟನ್ನಿನ ನಾಲ್ವರು ತಮ್ಮ ಗುರುಗಳೆಂದು ಅವರು ಹೇಳಿಕೊಳ್ಳುತ್ತಾರೆ. ಆ ಸಂಜೆ ಬೆಂಗಳೂರಿನಲ್ಲಿ ತಲೆದೂಗಿದ ಹುಡುಗರಲ್ಲಿ ಎಷ್ಟೋ ಮಂದಿಗೆ ತಾವು ಕೇಳುತ್ತಿರುವ ನಾದದ ಬೇರು ಒಂದು ತಗಡಿನ ಕಾರ್ಖಾನೆಯಲ್ಲಿದೆ ಎಂಬುದು ಗೊತ್ತಿರಲಾರದು.

ಕಾರ್ಯಕ್ರಮವಾದ ಹದಿನೇಳನೆಯ ದಿನ, ಜುಲೈ 22ರಂದು, ಓಜಿ ತೀರಿಕೊಂಡರು. ವಯಸ್ಸು 76. ಜುಲೈ 30ರಂದು ಅವರ ಅಂತಿಮಯಾತ್ರೆ ಬ್ರಾಡ್ ಸ್ಟ್ರೀಟ್‌ನಲ್ಲಿ ಸಾಗಿ ಬ್ಲ್ಯಾಕ್ ಸ್ಯಾಬತ್ ಸೇತುವೆಯ ಬಳಿ ನಿಂತಿತು. ಊರಿನ ಹಿತ್ತಾಳೆ ವಾದ್ಯದವರು ತಂಡದ ಹಾಡುಗಳನ್ನೇ ನುಡಿಸಿದರು. ರಸ್ತೆಯ ಎರಡೂ ಬದಿಗೆ ಜನಸಾಗರ.

ಈ ಊರಿನ ಚಿನ್ನದ ವಿಗ್ರಹಗಳನ್ನು ನೋಡಿದ ಮಕ್ಕಳಿಗೆ ಜೇಮ್ಸ್ ವಾಟ್‌ನ ಕಥೆ ಹೇಳುವುದು ಸುಲಭ, ಅದು ಪಠ್ಯಪುಸ್ತಕದಲ್ಲಿದೆ. ಆದರೆ ಕೆಟ್ಟುಹೋದ ಯಂತ್ರವನ್ನು ರಿಪೇರಿ ಮಾಡುತ್ತ ಹೊಸದನ್ನು ಕಂಡುಕೊಂಡ ವಾಟ್‌ಗೂ, ಕೆಟ್ಟುಹೋದ ಬೆರಳನ್ನು ರಿಪೇರಿ ಮಾಡುತ್ತ ಹೊಸದನ್ನು ಕಂಡುಕೊಂಡ ಅಯೋಮಿಗೂ ಬುದ್ಧಿಯ ಜಾಡು ಒಂದೇ. ಮುಂದಿನ ಸಲ ಮಗನ ಕೋಣೆಯಿಂದ ‘ಕಬ್ಬಿಣದಂಗಡಿ’ಯ ಸದ್ದು ಬಂದಾಗ ಬಾಗಿಲು ತಟ್ಟಿ ಒಳಗೆ ಹೋಗಿ. ಸದ್ದು ತಗ್ಗಿಸಲು ಖಂಡಿತ ಹೇಳಿ. ಆಮೇಲೆ ಐದು ನಿಮಿಷ ಕೂತು, ಈ ತಂತಿಯನ್ನು ಒತ್ತಿದ ಬೆರಳಿನ ಕಥೆಯನ್ನೂ ಅವನಿಗೆ ಹೇಳಿ.